ಅರ್ಧ ಬಾವಿಯ ಲೈಸೆನ್ಸು

“ಮೇಡಂ, ಅರ್ಧ ಬಾವಿ ಅಂತ ಒಂದು ಇಲ್ಲ. ಒಂದೋ ಬಾವಿ ಉಂಟು, ಇಲ್ಲದಿದ್ರೆ ಬಾವಿ ಇಲ್ಲ. ನಿಮ್ಮದು ಯಾವುದು?”

ಮನೆ ಕಟ್ಟಲು ಲೈಸೆನ್ಸ್ ಕೊಡುವ ಆಫೀಸಿನಲ್ಲಿ, ಮೇಜಿನ ಆ ಕಡೆ ಕೂತಿದ್ದ ಅಧಿಕಾರಿ ನನ್ನನ್ನು ಹೀಗೆ ಕೇಳಿದರು. ಒಳ್ಳೆಯ ಮನುಷ್ಯ, ಪಾಪ. ಸ್ವರ ಏರಿಸಲಿಲ್ಲ. ಕುರ್ಚಿ ತೋರಿಸಿ ಕೂರಿಸಿದ್ದರು. (ಇಂಥ ಆಫೀಸು ಎಂದ ಕೂಡಲೇ ಲಂಚದ ಕಥೆ ಬಂತು ಎಂದು ನೀವು ಕಿವಿ ನಿಮಿರಿಸಿದ್ದರೆ ಈಗಲೇ ಹೇಳಿಬಿಡುತ್ತೇನೆ, ಈ ವಾರದ ಅಂಕಣದಲ್ಲಿ ಅದಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.)

ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವಳು. ಉತ್ತರ ಗೊತ್ತಿಲ್ಲದೆ ಕೂತವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಅವತ್ತು ನನಗೇ ಉತ್ತರ ಹೊಳೆಯಲಿಲ್ಲ.

“ಅರ್ಧ ಉಂಟು ಸರ್,” ಎಂದೆ ಮತ್ತೊಮ್ಮೆ.

ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಾವಿ ಎಂದು ಬರೆದ ಕಡೆ ಎರಡೇ ಚೌಕಗಳಿದ್ದವು. ಇದೆ, ಇಲ್ಲ. ಅರ್ಧಕ್ಕೆ ಚೌಕ ಇರಲಿಲ್ಲ.

ನಿಮಗೂ ಅರ್ಥವಾಗಿರಲಿಕ್ಕಿಲ್ಲ. ಬಿಡಿಸಿ ಹೇಳುತ್ತೇನೆ.

ಕುಲಶೇಖರದಲ್ಲಿ ನನ್ನ ಮನೆ ಇರುವ ಜಾಗ ಒಂದು ಕಾಲದಲ್ಲಿ ಯಾರೋ ಅಣ್ಣತಮ್ಮಂದಿರದ್ದು. ಪಾಲು ಮಾಡುವಾಗ ಅಂಗಳ ಎರಡಾಯಿತು, ತೆಂಗಿನಮರಗಳನ್ನೂ ಲೆಕ್ಕ ಹಾಕಿ ಹಂಚಿಕೊಂಡರು. ಬಾವಿ ಮಾತ್ರ ಒಂದೇ. ಅದನ್ನು ಯಾರಿಗೆ ಕೊಡುವುದು? ನಮ್ಮ ಕರಾವಳಿಯವರ ಬುದ್ಧಿ ನೋಡಿ. ಬಾವಿಯ ಬಾಯಿಗೆ ಅಡ್ಡವಾಗಿ ಒಂದು ಕಾಂಕ್ರೀಟ್ ಬೀಮ್ ಇಟ್ಟರು, ಅದರ ಮೇಲೆ ಕೆಂಪುಕಲ್ಲಿನ ಕಂಪೌಂಡ್ ಗೋಡೆ ಎಬ್ಬಿಸಿದರು. ಈ ಕಡೆ ಒಂದು ರಾಟೆ, ಆ ಕಡೆ ಒಂದು ರಾಟೆ. ಮೇಲಿನಿಂದ ನೋಡಿದರೆ ಎರಡು ಮನೆ, ಇಣುಕಿದರೆ ಒಂದೇ ನೀರು. ಜಗಳವೂ ಇಲ್ಲ, ಮುಖ ನೋಡುವ ಕಷ್ಟವೂ ಇಲ್ಲ. ಊರಿನ ಹಳೆಯ ಹಿತ್ತಿಲುಗಳಲ್ಲಿ ಇಂಥ ಬಾವಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಇವೆ.

ಆ ಅಣ್ಣತಮ್ಮಂದಿರು ಆಮೇಲೆ ಇಬ್ಬರೂ ಮಾರಿ ಹೋದರು. ಈ ಪಾಲನ್ನು ನಾನು ಮತ್ತು ನನ್ನ ಅಕ್ಕ ಸೇರಿ ಕೊಂಡೆವು. ಆ ಪಾಲು ಬಂದರಿನಲ್ಲಿ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದ ಒಂದು ಬ್ಯಾರಿ ಮುಸ್ಲಿಮರ ಕುಟುಂಬಕ್ಕೆ ಹೋಯಿತು. ಗೋಡೆ ನನ್ನ ತಲೆಗಿಂತ ಎತ್ತರ. ನಮ್ಮ ಗೇಟು ಈ ಗಲ್ಲಿಗೆ, ಅವರ ಗೇಟು ಹಿಂದಿನ ಗಲ್ಲಿಗೆ. ಹಿತ್ತಿಲಿಗೆ ಹಿತ್ತಿಲು ಅಂಟಿಕೊಂಡಿದ್ದರೂ ದಾರಿಯಲ್ಲಿ ನಾವು ಎದುರಾಗುವವರಲ್ಲ.

ಇನ್ನು ಲೈಸೆನ್ಸ್ ಯಾಕೆ ಬೇಕಾಯಿತು ಎಂಬ ವಿಷಯ.

ಅಕ್ಕ ತೀರಿಹೋಗಿ ಮೂರು ವರ್ಷವಾಗುತ್ತ ಬಂತು. ನಾವಿಬ್ಬರೂ ಮದುವೆಯಾಗಲಿಲ್ಲ. (ಯಾಕೆ ಎಂದು ಕೇಳುತ್ತಿದ್ದವರೆಲ್ಲ ಅಜ್ಜಿಯರಾಗಿ ಈಗ ಸುಮ್ಮನಾಗಿದ್ದಾರೆ.) ಅಕ್ಕ ಇರುವಾಗ ಮನೆಯಲ್ಲಿ ಸದ್ದಿತ್ತು. ಅವಳು ಪಾತ್ರೆಗಳೊಡನೆ ಜಗಳವಾಡುತ್ತಿದ್ದಳು, ಟೀವಿಯಲ್ಲಿ ಸುದ್ದಿ ಓದುವವರಿಗೆ ಎದುರುತ್ತರ ಕೊಡುತ್ತಿದ್ದಳು. “ಒಮ್ಮೆ ಬಾಯಿ ಮುಚ್ಚು ಮಾರಾಯ್ತಿ, ಪೇಪರ್ ಕರೆಕ್ಷನ್ ಉಂಟು,” ಎಂದು ನಾನು ಗದರುತ್ತಿದ್ದೆ. ಈಗ ಯಾರ ಅಡ್ಡಿಯೂ ಇಲ್ಲ. ಕರೆಕ್ಷನ್ ಮಾಡಲು ಪೇಪರೂ ಇಲ್ಲ.

ಒಬ್ಬರೇ ಇರುವುದು ಎಂದರೆ ಏನು? ನನ್ನ ಮಟ್ಟಿಗೆ ಹೇಳುತ್ತೇನೆ. ದಿನದ ಮೊದಲ ಮಾತು ಬಾಯಿಂದ ಬರುವಾಗ ಸ್ವರ ಒಡೆದಿರುತ್ತದೆ. ಯಾಕೆಂದರೆ ಆ ಮೊದಲ ಮಾತು ಆಡುವುದು ಹನ್ನೊಂದು ಗಂಟೆಗೆ, ಮೀನಿನವಳು ಬಂದಾಗ. ಅವಳು ಬಾರದ ದಿನ ನನ್ನ ಸ್ವರ ನನಗೇ ಕೇಳುವುದಿಲ್ಲ. ಆಗ ಹೆದರಿಕೆಯಾಗುತ್ತದೆ. ಹೌದು, ಹೆದರಿಕೆಯೇ. ಬೇಸರ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳಾಗುತ್ತದೆ.

ಹಾಗಾಗಿ ತಾರಸಿಯ ಮೇಲೊಂದು ಮಾಳಿಗೆ ಕಟ್ಟಿಸುವುದೆಂದು ತೀರ್ಮಾನಿಸಿದೆ. ಎರಡು ಕೋಣೆ, ಅಡುಗೆಮನೆ, ಒಂದು ಬಾತ್‌ರೂಮು. ಬಾಡಿಗೆಗೆ ಒಂದು ಸಣ್ಣ ಸಂಸಾರ. ಬಾಡಿಗೆಯ ಆಸೆಗಲ್ಲ, ಪೆನ್ಷನ್ ನನಗೆ ಸಾಕು. ನನಗೆ ತಲೆಯ ಮೇಲೆ ಯಾರಾದರೂ ನಡೆದಾಡುವ ಸದ್ದು ಬೇಕಿತ್ತು. ಕುರ್ಚಿ ಎಳೆಯುವುದು, ಮಗು ಚೆಂಡು ಕುಟ್ಟುವುದು, ಗಂಡಹೆಂಡತಿ ಗೊಣಗುಟ್ಟುವುದು. ಊರಿನ ಜನ ಬಾಡಿಗೆಯವರ ಗಲಾಟೆ ಎಂದು ದೂರು ಹೇಳುತ್ತಾರೆ, ನಾನು ಆ ಗಲಾಟೆಗಾಗಿಯೇ ಮನೆ ಕಟ್ಟಿಸಲು ಹೊರಟೆ.

ಅಡ್ಡ ಬಂದದ್ದು ಬಾತ್‌ರೂಮು. ನಮ್ಮ ಗಲ್ಲಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಮೇಲೆ ಒಂದು ಸಂಸಾರ ಬಂದರೆ ದೊಡ್ಡ ಸೆಪ್ಟಿಕ್ ಟ್ಯಾಂಕ್ ಬೇಕು. ಟ್ಯಾಂಕಿಗೂ ಬಾವಿಗೂ ನಡುವೆ ಇಂತಿಷ್ಟು ದೂರ ಇರಬೇಕೆಂಬುದು ನಿಯಮ. (ನಿಯಮ ಸರಿಯಾಗಿಯೇ ಇದೆ. ಬಾವಿಯ ನೀರು ಕುಡಿಯುವವಳು ನಾನು, ನಾನೇ ಬೇಡವೆನ್ನಲೇ?) ನನ್ನ ಐದು ಸೆಂಟ್ಸ್ ಜಾಗವನ್ನು ಯಾವ ಮೂಲೆಯಿಂದ ಅಳೆದರೂ ಅಷ್ಟು ದೂರ ಹುಟ್ಟಲಿಲ್ಲ.

“ಬಾವಿ ಮುಚ್ಚಿಬಿಡಿ ಮೇಡಂ. ಪೈಪಿನ ನೀರು ಉಂಟಲ್ಲ, ಈಗ ಯಾರು ಬಾವಿ ಇಟ್ಕೊಳ್ತಾರೆ?” ಎಂದರು ಪ್ಲಾನ್ ಬರೆದ ಇಂಜಿನಿಯರ್.

“ಅರ್ಧ ಮುಚ್ಚುದು ಹೇಗೆ?”

ಅವರು ಗೋಡೆಯ ಕಡೆ ನೋಡಿದರು, ಬಾವಿಯೊಳಗೆ ನೋಡಿದರು, ಆಮೇಲೆ ಮೊಬೈಲ್ ನೋಡಿದರು. ಅರ್ಧ ಬಾವಿಗೆ ಸುರಿದ ಮಣ್ಣು ಬೀಮಿನ ಕೆಳಗೆ ನಿಂತು, ಆಚೆಯವರ ನೀರು ನನಗೆ ಬೇಡ ಎನ್ನುತ್ತದೆಯೇ?

ದಾರಿ ತೋರಿಸಿದ್ದು ಅದೇ ಅಧಿಕಾರಿ. “ಆಚೆ ಮನೆಯವರಿಂದ ಒಪ್ಪಿಗೆ ಬರೆಸಿ ತನ್ನಿ. ಇಡೀ ಬಾವಿ ಮುಚ್ಚಿ. ಫೋಟೋ ತೆಗೆದು ಹಾಕಿ. ಲೈಸೆನ್ಸ್ ಆಗ್ತದೆ,” ಎಂದರು. ಅವರ ಪಾಲಿಗೆ ಎಲ್ಲ ಸಲೀಸಾಗಿತ್ತು. ಆ ಬಾವಿಯಲ್ಲಿ ನೀರಲ್ಲದೆ ಬೇರೇನಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದಕ್ಕೊಂದು ಚೌಕ ಎಲ್ಲಿಂದ ತರುತ್ತಿದ್ದರು?

ಅಕ್ಕ ಹೋಗಿ ಕೆಲವು ತಿಂಗಳಿಗೆ ಬಾವಿಯ ಪಂಪು ಕೆಟ್ಟಿತ್ತು. ಹಳೆಯ ಹಗ್ಗ, ಕೊಡಪಾನ ಹುಡುಕಿ ನೀರು ಸೇದಲು ಹೋದೆ. ಎಣ್ಣೆ ಕಾಣದ ರಾಟೆ ಕಿರ್ರೋ ಎಂದಿತು. ಕೂಡಲೇ ಬಾವಿಯೊಳಗಿನಿಂದ ಒಂದು ಹೆಂಗಸಿನ ಸ್ವರ ಎದ್ದು ಬಂತು.

“ಎಂತ, ಪಂಪು ಹೋಯ್ತಾ?”

(ಮಾತು ನಡೆದದ್ದು ತುಳುವಿನಲ್ಲಿ. ಅವರ ಮನೆಮಾತು ಬ್ಯಾರಿ, ನನ್ನದು ತುಳು, ಬಾವಿಯದ್ದೂ ತುಳುವೇ. ನಿಮಗಾಗಿ ಕನ್ನಡ ಮಾಡಿದ್ದೇನೆ.)

ತುಂಬಿದ, ದೊಡ್ಡ ಸ್ವರ. ಐವತ್ತು ದಾಟದ ಗಟ್ಟಿಮುಟ್ಟಾದ ಹೆಂಗಸು ಎಂದುಕೊಂಡೆ. ಗೋಡೆಯಾಚೆ ಅವರೂ ನೀರು ಸೇದುತ್ತಿದ್ದರು. “ನಂಗೆ ಪೈಪಿನ ನೀರಲ್ಲಿ ಚಾ ಮಾಡಿದ್ರೆ ಸೇರುದಿಲ್ಲ. ಮದ್ದಿನ ವಾಸನೆ. ಹಾಗೆ ದಿನಾ ಒಂದು ಕೊಡ ಸೇದ್ತೇನೆ,” ಎಂದರು. ಹೆಸರು ನೆಬಿಸಮ್ಮ ಎಂದರು. ನಾನು ಶಾಲೆಯಲ್ಲಿ ಟೀಚರ್ ಆಗಿದ್ದೆ ಎಂದೆ. ಅಂದಿನಿಂದ ಅವರಿಗೆ ನಾನು ಟೀಚರೇ. ಹೆಸರು ಕೇಳಲೇ ಇಲ್ಲ.

ಆ ವಾರವೇ ಪಂಪು ರಿಪೇರಿಯಾಯಿತು. ಸಂಜೆ ಮಸೀದಿಯಲ್ಲಿ ಅಸರ್‌ನ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಆಚೆಯ ರಾಟೆ ತಿರುಗುವ ಸದ್ದಾಯಿತು. ಒಳಗೆ ಕೂತಿದ್ದವಳು ಎದ್ದೆ. ಕೊಡಪಾನ ಹಿಡಿದು ಹೋದೆ.

“ಪಂಪು ಸರಿ ಆಯ್ತಾ ಟೀಚರೇ?”

“ಎಲ್ಲಿ, ಕೆಲಸದವರು ಬರಬೇಕಲ್ಲ,” ಎಂದೆ.

ನನ್ನ ಪಂಪು ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ರಿಪೇರಿಯಲ್ಲಿತ್ತು.

ಏನು ಮಾತಾಡುತ್ತಿದ್ದಿರಿ ಎಂದು ಕೇಳುತ್ತೀರಾ? ಬಂಗುಡೆ ರೇಟು, ಮಂಡಿನೋವು, ಬಿದ್ದ ಕನಸು. ಒಮ್ಮೆ ಅವರ ಕೊಡ ಹಗ್ಗ ಬಿಚ್ಚಿಕೊಂಡು ಬಾವಿಗೆ ಬಿತ್ತು. ನಾನು ಈ ಕಡೆಯಿಂದ ಪಾತಾಳಗರಡಿ ಇಳಿಸಿ, ಅವರು “ಇನ್ನೂ ಸ್ವಲ್ಪ ಆ ಕಡೆ, ಟೀಚರೇ, ಆ ಕಡೆ” ಎನ್ನುತ್ತ, ಅರ್ಧ ಸಂಜೆ ಅದಕ್ಕೇ ಹೋಯಿತು. ನಾವು ಎಷ್ಟು ನಗಾಡಿದೆವೆಂದರೆ ಕೊನೆಗೆ ನನ್ನ ಪಾತಾಳಗರಡಿಯೂ ಕೈತಪ್ಪಿ ನೀರಿಗೆ ಬಿತ್ತು. ಹಬ್ಬದ ದಿನ ಅವರು ಕೊಡದಲ್ಲಿ ತಿಂಡಿಯ ಡಬ್ಬಿ ಇಟ್ಟು, ಬೀಮಿನ ಕೆಳಗೆ ಇಳಿಸಿ, ಹಗ್ಗವನ್ನು ನನ್ನ ಕಡೆ ತೂಗುತ್ತಿದ್ದರು. ನಾನು ದೋಟಿಯಿಂದ ಹಗ್ಗ ಎಳೆದುಕೊಳ್ಳುತ್ತಿದ್ದೆ. ಅಷ್ಟಮಿಗೆ ನನ್ನ ಮೂಡೆ, ಪತ್ರೊಡೆ ಹಾಗೆಯೇ ಆಚೆಗೆ ಹೋಗುತ್ತಿತ್ತು.

ಮುಖ ಕಾಣದಿದ್ದರೆ ಮನುಷ್ಯ ಏನನ್ನೂ ಹೇಳಬಲ್ಲ. ಅಕ್ಕನ ಕೊನೆಯ ದಿನ ಅವಳಿಗೆ ಚಮಚದಲ್ಲಿ ನೀರು ಕುಡಿಸುವಾಗ ನನ್ನ ಕೈಯ ಚಮಚ ಓರೆಯಾಗಿ ಎಲ್ಲ ದಿಂಬಿನ ಮೇಲೆ ಚೆಲ್ಲಿತ್ತು. ನೆಂಟರಿಗೆ ನಾನದನ್ನು ಹೇಳಿಲ್ಲ. ಬಾವಿಯೊಳಗೆ ನೋಡುತ್ತ ನೆಬಿಸಮ್ಮನಿಗೆ ಹೇಳಿದೆ. ಆಚೆ ಕೊಡವನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಕೇಳಿತು.

“ಹೋಗಿರ್ತದೆ ಟೀಚರೇ,” ಎಂದರು ಆಮೇಲೆ. “ಒಂದು ಹನಿ ಆದ್ರೂ ಒಳಗೆ ಹೋಗಿರ್ತದೆ.”

ಅವತ್ತು ರಾತ್ರಿ ನನಗೆ ನಿದ್ದೆ ಬಂತು.

ಸೇದಿದ ನೀರನ್ನು ಏನು ಮಾಡುವುದು? ಕರಿಬೇವಿನ ಗಿಡಕ್ಕೆ ಹೊಯ್ಯುತ್ತಿದ್ದೆ. ನೀರು ಅತಿಯಾಗಿ ಅದು ಬುಡ ಕೊಳೆತು ಸತ್ತಿತು. ಆಮೇಲೆ ಬಸಳೆಗೆ ಹೊಯ್ದೆ.

ಇಂಥ ಬಾವಿಯನ್ನು ಮುಚ್ಚಲು ಒಪ್ಪಿಗೆ ಕೊಡಿ ಎಂದು ನೆಬಿಸಮ್ಮನನ್ನು ಕೇಳಬೇಕಿತ್ತು. ಬಾವಿಯಲ್ಲೇ ಕೇಳಬಹುದಿತ್ತು, ಆದರೆ ಬಾವಿಯ ಎದುರೇ ಬಾವಿಯ ಸಾವಿನ ಮಾತಾಡಲು ಮನಸ್ಸು ಬರಲಿಲ್ಲ. ಅಲ್ಲದೆ ಕಾಗದ, ಸಹಿ ಎಂದ ಮೇಲೆ ಗೇಟಿನಿಂದ ಹೋಗುವುದೇ ಮರ್ಯಾದೆ. ಹೋಗುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದನ್ನೂ ಹೇಳಿಬಿಡುತ್ತೇನೆ. ಅವರು ಒಪ್ಪಬಾರದು ಎಂದುಕೊಂಡೇ ಹೋದೆ. ಅವರು ಬೇಡ ಎಂದರೆ ಬಾವಿ ಉಳಿಯುತ್ತದೆ, ನಾನು ಬೇಡ ಎಂದ ಹಾಗೂ ಆಗುವುದಿಲ್ಲ.

ಒಂದು ಬೆಳಿಗ್ಗೆ ಮುಖ್ಯರಸ್ತೆಗೆ ಹೋಗಿ, ಬಸ್‌ಸ್ಟಾಪ್ ದಾಟಿ, ಹಿಂದಿನ ಗಲ್ಲಿಗೆ ಸುತ್ತು ಹಾಕಿ ಬಂದೆ. ದೊಡ್ಡ ಮನೆ. ಅಂಗಳದಲ್ಲಿ ಬೆನ್ನು ಬಾಗಿದ, ಕಡ್ಡಿಯಂಥ ಒಬ್ಬರು ಅಜ್ಜಿ ತಲೆಗೆ ಬಿಳಿ ಬಟ್ಟೆ ಹೊದ್ದು ಒಣಮೆಣಸು ಹರಡುತ್ತಿದ್ದರು.

“ನೆಬಿಸಮ್ಮ ಇದ್ದಾರಾ? ನಾನು ಹಿಂದಿನ ಮನೆಯವಳು,” ಎಂದೆ.

ಅಜ್ಜಿ ತಲೆ ಎತ್ತಿದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನಾನೇ ಅಲ್ವಾ ಟೀಚರೇ,” ಎಂದರು.

ಬಾವಿಯ ಸ್ವರ ಅದಲ್ಲ. ಎಳೆದರೆ ತುಂಡಾಗುವಂಥ ಸಪೂರ ಸ್ವರ. ಬಾವಿ ಅದಕ್ಕೆ ಅಷ್ಟು ದಿನ ಮೈ ತುಂಬಿಸಿ ಕಳಿಸುತ್ತಿತ್ತು. ಎಂಬತ್ತರ ಹತ್ತಿರದ ಹೆಂಗಸಿಗೆ ನಾನು ನನ್ನ ಮಂಡಿನೋವು ಹೇಳಿಕೊಂಡಿದ್ದೆ, ವಯಸ್ಸಾದ ಮೇಲೆ ನಿಮಗೂ ಗೊತ್ತಾಗ್ತದೆ ಎಂದೂ ಒಮ್ಮೆ ಹೇಳಿದ್ದೆ. ನನಗೆ ನಾಚಿಕೆಯಾಯಿತು.

“ನೀವು ಉದ್ದ ಇದ್ದೀರಿ ಅಂತ ನನ್ನ ಅಂದಾಜು. ದೊಡ್ಡ ಸ್ವರ ಅಲ್ವಾ,” ಎಂದರು ಅವರೂ, ಸ್ವಲ್ಪ ನಿರಾಸೆಯಿಂದ. (ನಾನು ಐದಡಿ. ಅದೂ ಚಪ್ಪಲಿ ಸೇರಿಸಿ.)

ಒಳಗೆ ಕರೆದರು. ಇನ್ನೊಂದು ಆಶ್ಚರ್ಯ ಕಾದಿತ್ತು. ನೆಬಿಸಮ್ಮ ನನ್ನ ಹಾಗೆ ಒಬ್ಬರೇ ಎಂದುಕೊಂಡಿದ್ದೆ. ಮನೆ ತುಂಬ ಜನ. ಬೈಕಂಪಾಡಿಯಲ್ಲಿ ಗೋಡೌನ್ ಇಟ್ಟುಕೊಂಡಿರುವ ಮಗ, ಗಲ್ಫಿನಲ್ಲಿರುವ ಇನ್ನೊಬ್ಬ ಮಗನ ಹೆಂಡತಿ, ಮೊಮ್ಮಕ್ಕಳು, ಮೊಮ್ಮಕ್ಕಳ ಸ್ನೇಹಿತರು. ಸೊಸೆ ಶರಬತ್ತು ತಂದಿಟ್ಟು ನಗಾಡಿ ಹೋದಳು. ನಾವಿಬ್ಬರೂ ಸೋಫಾಗಳಲ್ಲಿ ಎದುರುಬದುರು ಕೂತೆವು.

ನಂಬುತ್ತೀರೋ ಇಲ್ಲವೋ. ಎರಡು ವರ್ಷ ದಿನಾ ಸಂಜೆ ಮಾತಾಡಿದ ನಾವು ಮುಖಕ್ಕೆ ಮುಖ ಕೊಟ್ಟು ಕೂತಾಗ “ಸೆಕೆ ಜೋರುಂಟು” ಎಂದೆ ನಾನು, “ಹೌದು, ಈ ಸಲ ಜೋರು” ಎಂದರು ಅವರು. ಅವರು ಸೆರಗು ಸರಿಮಾಡಿಕೊಂಡರು, ನಾನು ಶರಬತ್ತು ನೋಡಿದೆ. ಕೊನೆಗೆ ತಡೆಯಲಾರದೆ ವಿಷಯ ಹೇಳಿದೆ. ಮಾಳಿಗೆ, ಬಾಡಿಗೆಯವರು, ಟ್ಯಾಂಕು, ಬಾವಿ.

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. “ಮುಚ್ಚಿ ಟೀಚರೇ. ಅದಕ್ಕೆಂತ?” ಎಂದರು. ಮಗನನ್ನು ಕರೆದು, ಇವರಿಗೆ ಬೇಕಾದ ಹಾಗೆ ಎಲ್ಲ ಬರೆಸಿ ಕೊಡು ಎಂದು ಬ್ಯಾರಿಯಲ್ಲಿ ಹೇಳಿದರು. ಮಗ ಅದೇ ವಾರ ಓಡಾಡಿ ಕಾಗದ ಮಾಡಿಸಿದ, ತಾಯಿ ಸಹಿ ಹಾಕಿದರು. ಅವರಿಗೆ ಬಾವಿ ಅಷ್ಟು ಹಗುರವಾಗಿತ್ತೇ? ಆ ಬೆಳಿಗ್ಗೆ ಮನೆಗೆ ನಡೆದು ಬರುವಾಗ ನನ್ನ ಕಣ್ಣ ತುಂಬ ನೀರಿತ್ತು. ಎದುರು ಬಂದವರಿಗೆ ಧೂಳು ಎಂದೆ. ಆ ವಾರವೆಲ್ಲ ಬಾವಿಯ ಕಡೆ ಹೋಗಲಿಲ್ಲ.

ಕಾಗದ ಕೈಗೆ ಬಂದ ಸಂಜೆ ಅಸರ್ ಬಾಂಗ್ ಆಯಿತು. ರಾಟೆ ತಿರುಗಿತು. ಹೋದೆ.

“ಟೀಚರೇ,” ಎಂದಿತು ಬಾವಿ. ಅದೇ ದೊಡ್ಡ, ತುಂಬಿದ ಸ್ವರ. ನನಗೆ ಜೀವ ಬಂದ ಹಾಗಾಯಿತು. “ಅವತ್ತು ಮನೆಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ. ನಿಮ್ಮ ಪಂಪು ಬೆಳಿಗ್ಗೆ ಓಡ್ತದಲ್ಲ, ಅದರ ಸದ್ದು ಬಾವಿಯಲ್ಲಿ ನಂಗೆ ಕೇಳ್ತದೆ.”

“ಯಾವಾಗಿಂದ?”

“ಮೊದಲಿಂದ.”

ಎರಡು ವರ್ಷ ನನ್ನ ಕೆಟ್ಟ ಪಂಪಿನ ಸುಳ್ಳನ್ನು ದಿನಾ ಕೇಳಿಸಿಕೊಂಡು, “ಛೆ, ಈಗಿನ ಕೆಲಸದವರೇ ಹಾಗೆ” ಎಂದು ಸಮಾಧಾನ ಹೇಳಿದವರು ಅವರು.

“ನಿಮ್ಮ ಚಾ?” ಎಂದೆ.

“ಡಾಕ್ಟರು ನಂಗೆ ಚಾ ಬಿಡಿಸಿ ಎಷ್ಟೋ ಕಾಲ ಆಯ್ತು ಮಾರಾಯ್ರೆ.”

ಇಬ್ಬರೂ ನಕ್ಕೆವು. ಬಾವಿ ಅದನ್ನು ದೊಡ್ಡದು ಮಾಡಿತು. ಬೇಡದ ನೀರನ್ನು ಇಬ್ಬರು ಹೆಂಗಸರು ಅಷ್ಟು ದಿನ ಮೇಲೆತ್ತಿ ಹಿತ್ತಿಲಿಗೆ ಚೆಲ್ಲಿದ್ದೆವು.

“ಮನೆಯಲ್ಲಿ ಅಷ್ಟು ಜನ ಇದ್ದಾರಲ್ಲ ನಿಮಗೆ,” ಎಂದೆ ನಾನು.

“ಇದ್ದಾರೆ. ಎಲ್ಲರೂ ಒಳ್ಳೆಯವರೇ. ನಾನು ಮಾತು ಶುರು ಮಾಡಿದ್ರೆ, ಗೊತ್ತುಂಟು ಉಮ್ಮ, ಆಗಲೇ ಹೇಳಿದ್ದೀರಿ, ಅಂತಾರೆ,” ಎಂದರು. ಅವರ ರಾಟೆ ಸ್ವಲ್ಪ ತಿರುಗಿ ನಿಂತಿತು. “ಮೇಲೆ ಜನ ಬಂದ್ರೆ ನಿಮಗೆ ಒಳ್ಳೇದು ಟೀಚರೇ. ಒಬ್ಬರೇ ಇರುದು ಸರಿಯಲ್ಲ. ನಾನು ಬಾವಿ ಮುಚ್ಚುದು ಬೇಡ ಅಂದ್ರೆ ಅದು ನನ್ನ ಸ್ವಾರ್ಥ ಆಗ್ತದೆ.”

ಆಗ ಹೇಳಬೇಕಿತ್ತು. ನನಗೆ ಮಾಳಿಗೆ ಬೇಡ, ಬಾಡಿಗೆಯವರು ಬೇಡ, ಇದು ಸಾಕು ಎಂದು. ಆದರೆ ಅವರ ಮಗ ನನಗಾಗಿ ಓಡಾಡಿದ್ದಾನೆ, ಈಗ ಬೇಡ ಎನ್ನುವುದು ಹೇಗೆ? ಅವರು ಅಷ್ಟು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟದ್ದನ್ನು ಹಿಂದಕ್ಕೆ ಕೊಡುವುದು ಹೇಗೆ? ಇವರೇ ತಡೆಯಲಿ ಎಂದು ನಾನು ಕಾದೆ. ಅವರೂ ಕಾದಿರಬೇಕು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಅವತ್ತು ಗೋಡೆಯ ಈ ಕಡೆ ಒಂದು ದಾಕ್ಷಿಣ್ಯ, ಆ ಕಡೆ ಒಂದು ದಾಕ್ಷಿಣ್ಯ ನಿಂತಿತ್ತು.

“ಸರಿ ಹಾಗಾದ್ರೆ,” ಎಂದೆ.

“ಆಯ್ತು,” ಎಂದರು.

ಮಳೆಗೆ ಮೊದಲು ಬಾವಿ ಮುಚ್ಚಿದರು. ಗೋಡೆಯ ಎರಡೂ ಕಡೆಯಿಂದ ಕೆಂಪುಮಣ್ಣು ಬಿತ್ತು. ಮೊದಲ ಬುಟ್ಟಿಗೆ ನೀರು ಗುಳುಕ್ ಎಂದಿತು, ಆಮೇಲೆ ಬರೀ ಮಣ್ಣಿನ ಮೇಲೆ ಮಣ್ಣು ಬೀಳುವ ಸದ್ದು. ಮುಚ್ಚಿದ ಬಾವಿಗೆ ಉಸಿರಾಡಲು ದಾರಿ ಇರಬೇಕೆಂದು ಮೇಸ್ತ್ರಿ ನಡುವೆ ಒಂದು ಪೈಪು ನಿಲ್ಲಿಸಿದ. ಆ ಪೈಪಿನಲ್ಲಿ ಮಾತಾಡಿದರೆ ಆಚೆ ಕೇಳುವುದಿಲ್ಲ. (ಪರೀಕ್ಷೆ ಮಾಡಿ ನೋಡಿದ್ದೇನೆ. ನಗಬೇಡಿ.)

ಫೋಟೋ ಹೋಯಿತು. ಅಧಿಕಾರಿ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿರಬೇಕು. ಲೈಸೆನ್ಸ್ ಬಂತು. ಇಂಜಿನಿಯರ್ ಫೋನ್ ಮಾಡಿ ಅಭಿನಂದನೆ ಹೇಳಿದರು. ಕಲ್ಲು ಬಂದು ಅಂಗಳದಲ್ಲಿ ಬಿದ್ದಿದೆ, ಮಳೆ ಬಿಟ್ಟ ಮೇಲೆ ಕೆಲಸ ಶುರುವಾಗುತ್ತದೆ.

ಅಲ್ಲಿಯವರೆಗೆ ಸಂಜೆಗಳು ಇವೆಯಲ್ಲ. ಅಸರ್ ಬಾಂಗ್ ಆಗುತ್ತದೆ, ನನ್ನ ಕೈ ಕೊಡಪಾನಕ್ಕೆ ಹೋಗುತ್ತದೆ. ಆಮೇಲೆ ನೆನಪಾಗುತ್ತದೆ. ಆಚೆಯೂ ಹೀಗೇ ಯಾರೋ ಎದ್ದು ನಿಂತು ಮತ್ತೆ ಕೂತಿರಬಹುದು ಎಂದು ಯೋಚಿಸುತ್ತೇನೆ. ಅವರ ನಂಬರ್ ನನ್ನಲ್ಲಿಲ್ಲ. ಅವರಿಗೆ ಮೊಬೈಲ್ ಇದೆಯೇ ಎಂದೂ ಗೊತ್ತಿಲ್ಲ. ಬಾವಿ ಇರುವಾಗ ಯಾರು ನಂಬರ್ ಕೇಳುತ್ತಾರೆ?

ನಿಮ್ಮ ಗೇಟನ್ನು ನೆರೆಯವರು ಸುಮ್ಮನೆ ತೆರೆದು ಬಂದು ಎಷ್ಟು ಕಾಲವಾಯಿತು, ನೆನಪಿದೆಯೇ? ಹಿಂದೆಯೂ ಯಾರೂ ಸುಮ್ಮನೆ ಬರುತ್ತಿರಲಿಲ್ಲ ಎಂದು ನನಗೀಗ ಅನಿಸುತ್ತದೆ. ಹೆಪ್ಪಿಗೆ ಮಜ್ಜಿಗೆ ಬೇಕು ಎಂದು ಬರುತ್ತಿದ್ದರು, ಒಂದು ಲೋಟ ಸಕ್ಕರೆ, ನಾಲ್ಕು ಎಸಳು ಕರಿಬೇವು ಎಂದು ಬರುತ್ತಿದ್ದರು. ಬಂದವರು ಒಂದು ಗಂಟೆ ಕೂತು, ಹೋಗುವಾಗ ಮಜ್ಜಿಗೆಯನ್ನು ಮರೆತು ಹೋಗುತ್ತಿದ್ದರು. ಈಗ ಮೊಸರು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕರಿಬೇವನ್ನೂ ಆ್ಯಪಿನ ಹುಡುಗರು ಗೇಟಿಗೆ ತಂದು ನೇತುಹಾಕಿ ಹೋಗುತ್ತಾರೆ. ಯಾರಿಗೂ ಯಾರಿಂದಲೂ ಏನೂ ಬೇಡ. ಅನುಕೂಲ ಎಂದರೆ ಇದೇ ಇರಬೇಕು.

ಕಳೆದ ಭಾನುವಾರ ತಡೆಯಲಾಗಲಿಲ್ಲ. ಒಳ್ಳೆಯ ಸೀರೆ ಉಟ್ಟೆ. ಮುಖ್ಯರಸ್ತೆ, ಬಸ್‌ಸ್ಟಾಪ್, ಹಿಂದಿನ ಗಲ್ಲಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಗೇಟಿನ ಚಿಲಕದ ಸದ್ದಿಗೆ ನೆಬಿಸಮ್ಮನೇ ಬಾಗಿಲಿಗೆ ಬಂದರು. ನನ್ನನ್ನು ಕಂಡು ಅವರ ಮುಖ ಅರಳಿದ್ದು ನಿಜ. ಒಳಗಿನಿಂದ ಟೀವಿಯ ಸದ್ದು, ಮಕ್ಕಳ ಸದ್ದು. ಯಾರೋ ಸೊಸೆ ಇಣುಕಿ ನೋಡಿದಳು.

“ಎಂತ ಟೀಚರೇ,” ಎಂದರು ಆ ಸಪೂರ ಸ್ವರದಲ್ಲಿ, ಒಳ್ಳೆಯ ಮನಸ್ಸಿನಿಂದಲೇ, “ಇನ್ನೊಂದು ಸಹಿ ಬೇಕಿತ್ತಾ?”

ನಿಮ್ಮೊಟ್ಟಿಗೆ ಮಾತಾಡಲು ಬಂದೆ ಎನ್ನಬೇಕಿತ್ತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

“ಇಲ್ಲ, ಹೀಗೇ ಈ ದಾರಿಯಾಗಿ ಹೋಗ್ತಾ ಇದ್ದೆ,” ಎಂದೆ.

(ಆ ಗಲ್ಲಿ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಅವರ ಗೇಟಿಗೇ ಮುಗಿಯುತ್ತದೆ.)

“ಹಾಗಾ,” ಎಂದರು ನೆಬಿಸಮ್ಮ. ನಾನು ಗೇಟಿನ ಚಿಲಕ ಮತ್ತೆ ಹಾಕಿದೆ. ಆಮೇಲೆ ನಾನು ಬಂದ ದಾರಿಯಲ್ಲೇ ಹಿಂದೆ ಬಂದೆ.

ಮಾಳಿಗೆ ಕಟ್ಟಲು ಲೈಸೆನ್ಸ್ ಸಿಕ್ಕಿತು, ಸಂತೋಷ. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗಿ ಕೂರಲು ಲೈಸೆನ್ಸ್ ಕೊಡುವ ಆಫೀಸು ಯಾವುದು, ನಿಮ್ಮಲ್ಲಿ ಯಾರಿಗಾದರೂ ಗೊತ್ತುಂಟೇ?